ಎರಡನೇ ತಿಂಗಳಿಗೆ ಬರ್ರಿ

ಮೊಣಕಾಲು ಬದಲಿಸಿಕೊಂಡಿದ್ದೇನೆ ಅಂತ ಗೊತ್ತಾದವರು ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ನನ್ನನ್ನು ನಿಲ್ಲಿಸಿ ಕೇಳುವುದು ಹೆಚ್ಚಾಗಿ ಒಂದೇ ಮಾತು. "ಆಪರೇಶನ್ ಟೈಮಿನಾಗ ಭಾಳ ತ್ರಾಸ ಆಯ್ತೇನ್ರೀ?" ಕೇಳುವವರ ಮನೆಯಲ್ಲೂ ಒಬ್ಬರು ಗೋಡೆ ಹಿಡಿದು ನಡೆಯುತ್ತಿರುತ್ತಾರೆ. ಹಾಗಾಗಿ ಎಷ್ಟೇ ಅವಸರವಿದ್ದರೂ ನಿಂತು ಹೇಳುತ್ತೇನೆ. ಆಪರೇಶನ್ ದಿನ ತ್ರಾಸಾಗಲಿಲ್ಲ. ಮೊದಲ ವಾರಗಳಲ್ಲಿ ನೋವಿತ್ತು, ನೋವಿಗೆ ಗುಳಿಗೆ ಇತ್ತು, ಮನೆ ತುಂಬ ಜನರಿದ್ದರು. ನಿಜವಾದ ತ್ರಾಸು ಬಂದದ್ದು ಎರಡನೇ ತಿಂಗಳಿಗೆ. ಅಷ್ಟೊತ್ತಿಗೆ ಗುಳಿಗೆ ಕಡಿಮೆ ಮಾಡಿದ್ದರು, ಬಂದವರು ಹೋಗಿದ್ದರು, ನಾನು ಗುಣವಾದೆ ಅಂತ ಬೀಗರು ಬಿಜ್ಜರೆಲ್ಲ ನಂಬಿಬಿಟ್ಟಿದ್ದರು.

ಹೀಗಾಗುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಗಳ ಅಳು ಉಳಿಯುತ್ತಿತ್ತು. ಅದಕ್ಕೇ ಈ ಬರಹ.

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿದೆ. ಹಳೆಯ ಮನೆ, ಶಹಾಬಾದ್ ಪರಸಿಯ ನೆಲ, ಹೊಸ್ತಿಲು ದಾಟಿ ಓಣಿಗೆ ಇಳಿಯಲು ಎತ್ತರದ ಮೆಟ್ಟಿಲು. ಕಮಲಾಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹಗಲೆಲ್ಲ ಹಲಗೆಯ ಮುಂದೆ ನಿಲ್ಲುವುದು, ಸಂಜೆ ನೆಲಕ್ಕೆ ಕೂತು ರೊಟ್ಟಿ ಬಡಿಯುವುದು, ವರ್ಷಾನುಗಟ್ಟಲೆ ಇದೇ ಆಗಿತ್ತು. ಐವತ್ತು ದಾಟುವ ಹೊತ್ತಿಗೆ ಎರಡೂ ಮೊಣಕಾಲು ಒಳಮಗ್ಗುಲಲ್ಲಿ ಸವೆದು ಕಾಲುಗಳು ಹೊರಕ್ಕೆ ಬಾಗಿದ್ದವು. ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವೆ ಇರಬೇಕಾದ ಸಂದು ಬಲಗಾಲಿನಲ್ಲಿ ಕಾಣುತ್ತಲೇ ಇರಲಿಲ್ಲ. ಮೆತ್ತೆಯಂತಿರುವ ಮೃದ್ವಸ್ಥಿ ಹೋಗಿ ಎಲುಬಿಗೆ ಎಲುಬು ತಾಗುತ್ತಿತ್ತು.

ಮೊದಲ ಸಲ ಡಾಕ್ಟರು ಬದಲಿಸುವ ಮಾತೆತ್ತಿದಾಗ ಖರ್ಚು ಕೇಳಿಯೇ ಮನೆಯಲ್ಲಿ ಎಲ್ಲರೂ ಸುಮ್ಮನಾಗಿದ್ದೆವು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಜನರಿಗೆ ಹಾಕುವ ಕೋಬಾಲ್ಟ್ ಕ್ರೋಮಿಯಂ ಜೋಡಣೆಗೆ ಆಗ ಗೊತ್ತು ಮಾಡಿದ ದರ ತೆರಿಗೆ ಬಿಟ್ಟು 54,720 ರೂಪಾಯಿ. ಅದಕ್ಕೆ ಮುಂಚೆ ಅದೇ ವಸ್ತುವಿಗೆ ಒಂದೂವರೆ ಲಕ್ಷದ ಮೇಲೆ ಆಗುತ್ತಿತ್ತು. ಹಣದ ಹೆದರಿಕೆ ಅವತ್ತು ಅರ್ಧ ಇಳಿಯಿತು. ಉಳಿದ ಹೆದರಿಕೆ ಇಳಿಯಲು ಇನ್ನೂ ಕೆಲವು ವರ್ಷ ಬೇಕಾದವು. ಕೊನೆಗೆ ಕಳೆದ ದಸರಾ ರಜೆಯಲ್ಲಿ ಸೋಲಾಪುರಕ್ಕೆ ಹೋಗಿ ಬಲ ಮೊಣಕಾಲಿಗೆ ಆಪರೇಶನ್ ಮಾಡಿಸಿಕೊಂಡೆ. ತೊಡೆ ಎಲುಬಿನ ತುದಿಗೂ ಕೆಳಗಿನ ಎಲುಬಿನ ತಲೆಗೂ ಲೋಹ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಬಾಗಿದ ಕಾಲು ನೆಟ್ಟಗಾಗಿದ್ದು ನೋಡಿ ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆ ಭಾಗಕ್ಕೆ ಇಷ್ಟು ಸಾಕು.

ಮನೆಗೆ ಬಂದ ಮೇಲೆ ಜನವೋ ಜನ. ಸೇಬು, ಚೂಡಾ, ಉತ್ತತ್ತಿ, ನಮ್ಮ ಶಾಲೆಯ ಕಡೆಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು. ಓಣಿಯ ಹೆಣ್ಣುಮಕ್ಕಳು ಪಾಳಿ ಹಾಕಿಕೊಂಡು ರೊಟ್ಟಿ, ಪುಂಡಿ ಪಲ್ಯ ಕಳಿಸಿದರು. ಮಗ ಪುಣೆಯಿಂದ ಬಂದು ರಜೆ ಮುಗಿಯುವವರೆಗೆ ಇದ್ದ. ಇವರೆಲ್ಲರ ಋಣ ನನ್ನ ಮೇಲಿದೆ, ಆ ದಿನಗಳನ್ನು ಮರೆಯುವವಳಲ್ಲ. ಆದರೆ ಹೊಲಿಗೆ ಬಿಚ್ಚಿ, ವಾಕರ್ ಹೋಗಿ ಕೈಯಲ್ಲಿ ಕೋಲು ಬಂದ ಕೂಡಲೇ ಎಲ್ಲರ ಮುಖದಲ್ಲಿ ಒಂದು ನಿರಾಳ ಕಂಡಿತು. "ಆರಾಮಾದ್ರಿ ಅಲಾ, ಇನ್ನೇನ್ ಚಿಂತಿಲ್ಲ." ಮಗ ಹೋದ. ಪಾಳಿಯ ಊಟ ನಿಂತಿತು. ಕೆಲಸದವಳು ಹೊತ್ತು ಕಡಿಮೆ ಮಾಡಿದಳು.

ನಮ್ಮ ಕಡೆ ಬಾಣಂತನಕ್ಕೆ ಒಂದು ಕ್ರಮ ಇದೆ. ತಿಂಗಳು ತಿಂಗಳಿಗೆ ಏನು ತಿನ್ನಬೇಕು, ಯಾವಾಗ ಎಣ್ಣೆ ನೀರು, ಯಾವಾಗ ಹೊರಗಿನ ಗಾಳಿ, ತವರಿನಿಂದ ಯಾವಾಗ ಕಳಿಸಬೇಕು ಅಂತ ಓದು ಬರಹ ಬಾರದ ಅಜ್ಜಿಗೂ ಗೊತ್ತು. ಬಾಣಂತಿ ಎದ್ದು ಓಡಾಡಿದ ಮಾತ್ರಕ್ಕೆ ಯಾರೂ ಅವಳನ್ನು ಬಾವಿಗೆ ನೀರಿಗೆ ಕಳಿಸುವುದಿಲ್ಲ. ಮೊಣಕಾಲಿನ ಆಪರೇಶನ್ನಿಗೆ ಇಂಥ ಕ್ರಮ ನಮ್ಮ ಮನೆಗಳಲ್ಲಿ ಇನ್ನೂ ಹುಟ್ಟಿಲ್ಲ. ಹಾಸಿಗೆ ಮೇಲಿದ್ದರೆ ರೋಗಿ, ಎದ್ದು ನಡೆದರೆ ಗುಣ. ನಡುವೆ ಇರುವ ಐದಾರು ತಿಂಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಡಾಕ್ಟರುಗಳ ಲೆಕ್ಕ ಬೇರೆಯೇ ಇರುತ್ತದೆ. ಬಾವು ಮತ್ತು ಬಿಸಿ ಮೂರರಿಂದ ಆರು ತಿಂಗಳು ಇರಬಹುದು, ಪೂರಾ ಸುಧಾರಣೆಗೆ ವರ್ಷವೇ ಆಗಬಹುದು ಎನ್ನುತ್ತಾರೆ ಅವರು. ನಾನು ಬಿದ್ದದ್ದು ಈ ಎರಡು ಲೆಕ್ಕಗಳ ನಡುವಿನ ಸಂದಿಯಲ್ಲಿ.

ಮೊದಲು ಬಂದದ್ದು ದಿಂಬಿನ ಸಮಸ್ಯೆ. ಮೊಣಕಾಲ ಕೆಳಗೆ ದಿಂಬು ಇಟ್ಟರೆ ತಕ್ಷಣ ಹಾಯೆನಿಸುತ್ತದೆ. ನೋಡಲು ಬಂದವರು ಒಬ್ಬೊಬ್ಬರೂ ಕಳಕಳಿಯಿಂದ ಒಂದು ದಿಂಬು ತಂದು ಒತ್ತುತ್ತಿದ್ದರು, ಮನೆಗೆ ಬರುವ ಫಿಜಿಯೋಥೆರಪಿ ಹುಡುಗಿ ಬಂದು ತೆಗೆಯುತ್ತಿದ್ದಳು. ಆಳಂದದ ಕಡೆಯ ಹುಡುಗಿ, ಮಾತು ಕಡಿಮೆ, ಕೈ ಗಟ್ಟಿ. "ಮ್ಯಾಡಂ, ಕಾಲು ಮಡಚೋದರಕಿಂತ ಮೊದಲು ನೆಟ್ಟಗ ಆಗ್ಬೇಕ್ರಿ. ಹಿಂಗ ಬಗ್ಗಿಸಿಕೊಂಡೇ ಮಲಗಿದ್ರ ಅದು ಬಗ್ಗಿದಲ್ಲೇ ನಿಂದ್ರತದ." ದಿಂಬು ಬೇಕೇ ಬೇಕಾದರೆ ಹಿಮ್ಮಡಿಯ ಕೆಳಗೆ, ಮೊಣಕಾಲು ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ಹಾಗೆ. ಹಾಗೆ ಇಟ್ಟು ನೋಡಿದವರಿಗೆ ಗೊತ್ತು, ಅದೊಂದು ನಿಮಿಷ ಎಷ್ಟು ಉದ್ದ ಅಂತ. ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಮುಂದೆ ಕುಂಟುತ್ತಲೇ ನಡೆಯಬೇಕು, ತೊಡೆಯ ಸ್ನಾಯುವಿಗೆ ದಿನವಿಡೀ ದುಡಿಮೆ. ಅದೇ ಸ್ನಾಯು ಆಪರೇಶನ್ ಆದ ಮೊದಲ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಂಡಿರುತ್ತದೆ.

ಎರಡನೆಯದು ಬಾವು. ಒಂದು ದಿನ ಮೊಣಕಾಲು ಛಲೋ ಮಡಚುತ್ತಿತ್ತು, ಮರುದಿನ ಅಷ್ಟೇ ಪ್ರಯತ್ನಕ್ಕೆ ಅರ್ಧವೂ ಬರುತ್ತಿರಲಿಲ್ಲ. ಎಲ್ಲ ಹಾಳಾಯಿತು, ಒಳಗೆ ಏನೋ ಸಡಿಲಾಯಿತು ಅನ್ನುವ ಹೆದರಿಕೆ ಹೊಟ್ಟೆಯಲ್ಲಿ ಹೊಕ್ಕುತ್ತಿತ್ತು. ನಾನು ಗಣಿತದವಳು, ಅಂಕಿ ಕೈಗೆ ಸಿಕ್ಕರೆ ಹೆದರಿಕೆ ಸ್ವಲ್ಪ ತಗ್ಗುತ್ತದೆ. ಒಂದು ಗ್ರಾಫ್ ಪುಸ್ತಕ ತರಿಸಿದೆ. ದರ್ಜಿ ಟೇಪಿನಿಂದ ಮೊಣಕಾಲ ಚಿಪ್ಪಿನ ಮೇಲ್ಭಾಗದ ಸುತ್ತಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದುಕೊಳ್ಳುವುದು. ಫಿಜಿಯೋ ಬಂದಾಗ ಅವಳ ಕೋನಮಾಪಕದಿಂದ ಡಿಗ್ರಿ ಬರೆಸಿಕೊಳ್ಳುವುದು. ಎರಡು ಬಣ್ಣದ ಪೆನ್ನು, ಒಂದೇ ಹಾಳೆ.

ಕೆಲವು ದಿನಕ್ಕೆ ಹಾಳೆಯೇ ಹೇಳಿತು. ಸುತ್ತಳತೆಯ ಗೆರೆ ಏರಿದ ಮರುದಿನ ಕೋನದ ಗೆರೆ ಇಳಿಯುತ್ತಿತ್ತು. ಸುತ್ತಳತೆ ಇಳಿದರೆ ಕೋನ ತಾನಾಗಿ ಮೇಲಕ್ಕೆ ಬರುತ್ತಿತ್ತು. ಬಾವು ಏರಿದ್ದು ಯಾವ ದಿನ ಅಂತ ನೋಡಿದರೆ, ಬಂದವರ ಜೊತೆ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ತಾಸುಗಟ್ಟಲೆ ಕೂತ ದಿನ, ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತ ದಿನ. ವ್ಯಾಯಾಮ ಮಾಡಿದ ದಿನಕ್ಕೂ ಅದಕ್ಕೂ ಹೆಚ್ಚು ಸಂಬಂಧವೇ ಇರಲಿಲ್ಲ. ಫಿಜಿಯೋಗೆ ತೋರಿಸಿದಾಗ ಅವಳು ನಕ್ಕಳು. "ಬಾವು ಇದ್ದಾಗ ಕೀಲಿನಾಗ ಜಾಗಾನೇ ಇರಂಗಿಲ್ರಿ, ಹ್ಯಾಂಗ ಮಡಚ್ತದ?" ಅಷ್ಟು ತಿಳಿದ ಮೇಲೆ ಬಾವು ಏರಿದ ದಿನ ನನ್ನ ಕೆಲಸ ಏನು ಅಂತ ಸ್ಪಷ್ಟವಾಯಿತು. ಮಲಗಿ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಡುವುದು. ಬಟ್ಟೆ ಸುತ್ತಿದ ಬರ್ಫನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯುವುದು. ಮೇಲೆ ಕೆಳಗೆ ಪಾದ ಆಡಿಸುವುದನ್ನು, ಹಗುರ ವ್ಯಾಯಾಮವನ್ನು ಬಿಡದಿರುವುದು. ಕರೆಂಟ್ ಹೋಗಿ ಬರ್ಫ್ ಕರಗಿದ ದಿನಕ್ಕೆ ಅರಿವೆ ಚೀಲದಲ್ಲಿ ತೊಗರಿ ಕಾಳು ತುಂಬಿ ಫ್ರೀಜರಿನಲ್ಲಿ ಇಟ್ಟಿರುತ್ತಿದ್ದೆ. ತಂಪು ಬಹಳ ಹೊತ್ತು ನಿಲ್ಲುವುದಿಲ್ಲ, ಆದರೆ ಮೊಣಕಾಲಿನ ಸುತ್ತ ಚೆನ್ನಾಗಿ ಕೂರುತ್ತದೆ.

ಒಂದು ರಾತ್ರಿ ಮಾತ್ರ ಗ್ರಾಫಿನ ಲೆಕ್ಕ ನಡೆಯಲಿಲ್ಲ. ಬಲಗಾಲಿನ ಮೀನಖಂಡ ಗಟ್ಟಿಯಾಗಿ, ಬಿಸಿಯಾಗಿ ಎಳೆಯಲು ಶುರುವಾಯಿತು. ದವಾಖಾನೆಯವರು ಕೊಟ್ಟ ಕಾಗದದಲ್ಲಿ ಇದಕ್ಕೆ ಕಾಯಬೇಡಿ ಅಂತ ಬರೆದಿತ್ತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಹರಿದು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೆಂದೇ ಮೊದಲ ವಾರಗಳಲ್ಲಿ ರಕ್ತ ತೆಳು ಮಾಡುವ ಔಷಧ ಕೊಟ್ಟಿರುತ್ತಾರೆ. ನಮ್ಮ ಮನೆಯವರು ಓಣಿಯ ಆಟೋ ಹುಡುಗನನ್ನು ಎಬ್ಬಿಸಿದರು. ಅವನು ಒಂದು ಮಾತೂ ಕೇಳದೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ತಗ್ಗು ದಿಬ್ಬ ತಪ್ಪಿಸಿ ನಿಧಾನವಾಗಿ ಓಡಿಸಿದ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಇರಲಿಲ್ಲ, ಸ್ನಾಯು ಬಿಗಿದು ಬಾತಿತ್ತು ಅಷ್ಟೇ. ಸುಮ್ಮನೆ ಎಲ್ಲರ ನಿದ್ದೆ ಕೆಡಿಸಿದೆನಲ್ಲ ಅಂತ ನನಗೆ ಮುಜುಗರ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಮುಖ ನೋಡಿಯೇ ತಿಳಿದುಕೊಂಡರೇನೋ, "ನೀವ್ ಬಂದದ್ದೇ ಛಲೋ ಆಯ್ತ್ರಿ ಅಮ್ಮಾ. ಮತ್ತ ಹಿಂಗಾದ್ರ ಮತ್ತ ಬರ್ರಿ" ಅಂದರು. ಜ್ವರ ಬಂದರೆ, ಗಾಯ ಕೆಂಪಾಗಿ ನೀರೋ ಕೀವೋ ಸೋರಿದರೆ, ಮೀನಖಂಡ ಬಾತು ನೋಯುತ್ತಿದ್ದರೆ, ಎದೆ ಹಿಡಿದು ಉಸಿರು ಸಿಕ್ಕದಿದ್ದರೆ, ನಸುಕಿನ ಮೂರು ಗಂಟೆ ಆದರೂ ಹೋಗಬೇಕು. ಯಾರು ಏನೆಂದುಕೊಂಡರೂ ಹೋಗಬೇಕು.

ಇವೆಲ್ಲಕ್ಕಿಂತ ಕಠಿಣವಾದದ್ದು ಎಂಬತ್ತು ಡಿಗ್ರಿ.

ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಹೇಳುತ್ತೇನೆ. ಸಮನೆಲದ ಮೇಲೆ ನಡೆಯಲು ಮೊಣಕಾಲು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು 85ರ ಆಸುಪಾಸು ಬೇಕು. ಕುರ್ಚಿಯಿಂದ ಕೈ ಊರದೆ ಏಳಲು 95 ದಾಟಬೇಕು, ಕೆಲವರಿಗೆ 105. ಹಾಗಾಗಿ 80ಕ್ಕೆ ನಿಂತ ಮೊಣಕಾಲು ಮನೆಯೊಳಗೆ ಛಲೋ ನಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಕುರ್ಚಿಯಿಂದ ಏಳುವಾಗ, ಓಣಿಯ ಮೆಟ್ಟಿಲು ಏರುವಾಗ, ಆಟೋದಲ್ಲಿ ಕೂರುವಾಗ ಮಾತ್ರ ಅದು ಅಲ್ಲೇ ನಿಂತುಬಿಡುತ್ತದೆ. ನನ್ನ ಗ್ರಾಫಿನಲ್ಲಿ ಕೋನದ ಗೆರೆ 80ಕ್ಕೆ ಬಂದು ಅಡ್ಡ ಮಲಗಿತು. ಬಾವು ಇಳಿದರೂ ಏಳಲಿಲ್ಲ. ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಚೀಲ ಇಟ್ಟು ಪರಸಿಯ ಮೇಲೆ ಜಾರಿಸುತ್ತಿದ್ದೆ, ಹಾಳೆಯ ಮೇಲೆ ಗೆರೆ ಜಾರಲಿಲ್ಲ.

ಸೋಲಾಪುರದ ಡಾಕ್ಟರು ನೋಡಿ ಹೇಳಿದರು. ಗಾಯ ಮಾಯುವಾಗ ಕೆಲವರ ಮೈ ಒಳಗೆ ಹೆಚ್ಚಾಗಿ ಅಂಟು ಕಟ್ಟುತ್ತದೆ, ಕೀಲನ್ನು ಹಿಡಿದುಬಿಡುತ್ತದೆ. ವ್ಯಾಯಾಮ ಮಾಡಿದವರಿಗೂ ಆಗುತ್ತದೆ. ಆರರಿಂದ ಹನ್ನೆರಡು ವಾರದೊಳಗೆ 90 ಡಿಗ್ರಿ ದಾಟದಿದ್ದರೆ ಅರಿವಳಿಕೆ ಕೊಟ್ಟು, ಏನೂ ಕೊಯ್ಯದೆ, ಕೈಯಿಂದಲೇ ಕಾಲು ಮಡಚಿ ಆ ಅಂಟು ಬಿಡಿಸುತ್ತಾರೆ. ತಡ ಮಾಡಿದಷ್ಟೂ ಅಂಟು ಗಟ್ಟಿಯಾಗುತ್ತದೆ.

ವೈದ್ಯರಿಗೆ ಇದು ಸಾಮಾನ್ಯ ಮಾತು. ನನಗೆ ಮಾತ್ರ ಮತ್ತೆ ಆಪರೇಶನ್ ಟೇಬಲ್ ಅನ್ನುವುದೊಂದೇ ಕೇಳಿಸಿತು. ಬರುವಾಗ ಗಾಡಿಯಲ್ಲಿ ಅಕ್ಕಲಕೋಟೆ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಮನೆಗೆ ಬಂದ ಮೇಲೆ ಸುದ್ದಿ ತಿಳಿದವರು ಫೋನ್ ಮಾಡಿದರು. "ನಮ್ಮ ಅತ್ತಿಗಿ ಹದಿನೈದು ದಿನದಾಗ ಶರಣಬಸವೇಶ್ವರ ಗುಡಿಗಿ ನಡಕೋತ ಹೋಗ್ಯಾರ, ನಿಮಗ್ಯಾಕ ಹಿಂಗಾಯ್ತು?" "ಯಾರಾದರೂ ಎಣ್ಣಿ ಹಚ್ಚಿ ಜೋರಾಗಿ ತಿಕ್ಕಿದ್ರ ಬಿಡ್ತಿತ್ತು." ಕೆಟ್ಟ ಮನಸ್ಸಿನಿಂದ ಅಂದವರಲ್ಲ. ಆದರೂ ಫೋನ್ ಇಟ್ಟ ಮೇಲೆ ಆ ಮಾತು ಮನೆಯಲ್ಲಿ ಉಳಿಯುತ್ತಿತ್ತು. ನಿದ್ದೆ ಮೊದಲೇ ಇರಲಿಲ್ಲ. ಮಗ್ಗುಲು ಹೊರಳಿದರೆ ನೋವು, ಹೊರಳದಿದ್ದರೆ ಬಿಗಿತ. ನಸುಕಿನ ಆಜಾನ್ ಕೇಳಿದಾಗ, ಅಂತೂ ರಾತ್ರಿ ಮುಗಿಯಿತು ಅಂತ ಸಮಾಧಾನ ಪಡುವ ಸ್ಥಿತಿಗೆ ಬಂದಿದ್ದೆ. ಇಷ್ಟಲಿಂಗ ಪೂಜೆಗೆ ಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡಿಕೊಂಡಿದ್ದೆ, ಅದನ್ನೂ ಎರಡು ಹೊತ್ತು ಬಿಟ್ಟೆ. ಒಬ್ಬಳೇ ಇದ್ದಾಗ ವ್ಯಾಯಾಮ ಮಾಡುವುದೂ ನಿಂತಿತು. ನಮ್ಮ ಮನೆಯವರು ನೋಡಿದರು, ಏನೂ ಅನ್ನಲಿಲ್ಲ, ಚಿಂಚೋಳಿಗೆ ಫೋನ್ ಮಾಡಿದರು.

ಚಿಂಚೋಳಿಯ ಹತ್ತಿರದ ಹಳ್ಳಿಯಲ್ಲಿ ನಮ್ಮ ತವರುಮನೆ, ಅಣ್ಣನ ಒಕ್ಕಲುತನ. ತೊಗರಿ ಕಾಯಿ ಬಲಿಯುತ್ತಿತ್ತು, ರಾಶಿಗೆ ಇನ್ನೂ ಕೆಲವು ವಾರ ಇತ್ತು. ಮರುದಿನ ಮಧ್ಯಾಹ್ನದ ಬಸ್ಸಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಬಂದಿಳಿದರು. ಒಂದು ಕೈಯಲ್ಲಿ ಅರಿವೆ ಗಂಟು, ಇನ್ನೊಂದು ಕೈಯಲ್ಲಿ ಶೇಂಗಾ ಹಿಂಡಿಯ ಡಬ್ಬಿ. ನನಗಿಂತ ನಾಲ್ಕು ವರ್ಷ ದೊಡ್ಡವರು, ನಾಲ್ಕನೇ ಇಯತ್ತೆಯವರೆಗೆ ಓದಿದವರು. ನಾನು ಅಳುತ್ತೇನೇನೋ ಅಂತ ಅವರೂ ಅಂದುಕೊಂಡಿದ್ದರೇನೋ, ಹೊಸ್ತಿಲಲ್ಲೇ ಹೇಳಿಬಿಟ್ಟರು, "ನಾ ನಿನ್ನ ನೋಡಿ ಹೋಗ್ಲಾಕ ಬಂದಿಲ್ಲ. ಇರ್ಲಾಕ ಬಂದೀನಿ."

ವೈನಿ ಏನು ಮಾಡಿದರು ಅಂತ ವಿವರವಾಗಿ ಬರೆಯಬೇಕು, ಯಾಕೆಂದರೆ ಇದು ಯಾವ ಮನೆಯಲ್ಲಾದರೂ ಆಗುವಂಥದ್ದು. ಹ್ಯಾಂಗದ, ಕಡಿಮಿ ಅದನೋ ಇಲ್ಲೋ ಅಂತ ಬೆಳಿಗ್ಗೆ ಸಂಜೆ ಕೇಳಲಿಲ್ಲ. ಫಿಜಿಯೋ ಬಂದಾಗ ಪಕ್ಕದಲ್ಲೇ ಕೂತು ಒಂದೊಂದು ವ್ಯಾಯಾಮವನ್ನು ಕಲಿತುಕೊಂಡರು. ಅವಳು ಇಲ್ಲದ ಹೊತ್ತಿನಲ್ಲಿ ಎದುರು ಚಾಪೆ ಹಾಕಿ ಕೂತು ಜೋರಾಗಿ ಎಣಿಸುತ್ತಿದ್ದರು. ನಾನು ಏಳಕ್ಕೆ ನಿಲ್ಲಿಸಿದರೆ ಬೈಯುತ್ತಿರಲಿಲ್ಲ, "ಎಂಟು" ಅಂತ ಹೇಳಿ ಕಾಯುತ್ತಿದ್ದರು. ಡಾಕ್ಟರು ಹೇಳಿದ ಹಾಗೆ ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮುಂಚೆ ನೀರಿನ ಜೊತೆ ಕೈಗಿಡುತ್ತಿದ್ದರು. ಬಂದವರಿಗೆ ಚಹಾ ಕೊಟ್ಟು, ಸ್ವಲ್ಪ ಹೊತ್ತಾದ ಮೇಲೆ, "ಅಕಿ ಕಾಲು ಮ್ಯಾಲ ಇಟ್ಟು ಮಲಗೋ ಟೈಮ್ ಆಯ್ತ್ರಿ" ಅಂತ ಸೌಮ್ಯವಾಗಿ ಎಬ್ಬಿಸುತ್ತಿದ್ದರು. ಈ ಕೊನೆಯದನ್ನು ನನ್ನಿಂದ ಎಂದೂ ಮಾಡಲಾಗುತ್ತಿರಲಿಲ್ಲ. ರಾತ್ರಿ ನಿದ್ದೆ ಬಾರದಿದ್ದಾಗ ಅವರೂ ಎದ್ದು ಕೂತು ಹೊಲದ ಮಾತು ಹೇಳುತ್ತಿದ್ದರು. ಯಾವ ದಿಕ್ಕಿನ ತೊಗರಿಗೆ ಹುಳ ಬಿದ್ದಿದೆ, ಯಾವ ಎಮ್ಮೆ ಗಬ್ಬ ಆಗಿದೆ. ನನ್ನ ಮೊಣಕಾಲಿಲ್ಲದ ಒಂದು ಲೋಕ ಇನ್ನೂ ಇದೆ ಅಂತ ಆ ಮಾತುಗಳಿಂದ ಗೊತ್ತಾಗುತ್ತಿತ್ತು.

ಎರಡನೇ ಸಲ ಸೋಲಾಪುರಕ್ಕೆ ಹೋಗುವ ಹಿಂದಿನ ದಿನ ನಾನು ಕೇಳಿದೆ, "ವೈನಿ, ಇಷ್ಟು ಮಾಡಿದ್ರೂ ನಂದು ಯಾಕ ಹಿಂಗಾಯ್ತ್ರಿ?" ಅವರು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಅಂದರು, "ಒಂದೇ ಹೊಲ, ಒಂದೇ ಬೀಜ, ಒಂದೇ ಮಳಿ. ಆದ್ರೂ ಒಂದು ಸಾಲು ಹಿಂದ ಬೀಳ್ತದ. ಹಿಂದ ಬಿದ್ದ ಸಾಲಿಗಿ ನಾವ್ ಬೈತೀವೇನು? ಅದಕ್ಕೂ ಎಡಿ ಹೊಡಿತೀವಿ."

ಅರಿವಳಿಕೆಯಲ್ಲಿ ಮಡಚಿದ್ದು ಕೆಲವು ನಿಮಿಷದ ಕೆಲಸ. ಎಚ್ಚರಾದಾಗ ಡಾಕ್ಟರು ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದರು, ನನ್ನ ಕಾಲು 110ಕ್ಕೆ ಮಡಚಿತ್ತು. ನಿದ್ದೆಯಲ್ಲಿದ್ದಾಗ ಅದು ಅಲ್ಲಿಯವರೆಗೆ ಹೋಗಿ ಬಂದಿದೆ ಅನ್ನುವುದನ್ನು ನಂಬಲು ಆಗಲಿಲ್ಲ. ಆದರೆ ಮಡಚಿದ್ದಕ್ಕೆ ಬಾವು ಬಂದೇ ಬರುತ್ತದೆ, ಸಿಕ್ಕಿದ ಡಿಗ್ರಿಗಳನ್ನು ಉಳಿಸಿಕೊಳ್ಳಲು ಅದೇ ದಿನದಿಂದ ವ್ಯಾಯಾಮ ಶುರು ಮಾಡಬೇಕು. ಮೊದಲ ಆಪರೇಶನ್ನಿಗಿಂತ ಆ ವಾರದ ನೋವು ಹೆಚ್ಚಿತ್ತು ಅಂತಲೇ ನನ್ನ ನೆನಪು. 110 ಇದ್ದದ್ದು 95ಕ್ಕೆ ಜಾರಿತು. ಗ್ರಾಫಿನ ಹಾಳೆ ನೋಡಿ ಎದೆ ಧಸಕ್ಕೆಂದಿತು. ಫಿಜಿಯೋ ಹುಡುಗಿ ಇದು ಎಲ್ಲರಿಗೂ ಸ್ವಲ್ಪ ಜಾರುತ್ತದೆ, 80ಕ್ಕೆ ಹೋಗಿಲ್ಲವಲ್ಲ, ನೋಡಿ ಅಂದಳು. ವೈನಿ "ಎಂಟು" ಅಂದರು. ತಿಂಗಳು ಕಳೆಯುವುದರೊಳಗೆ ಗೆರೆ ನೂರು ದಾಟಿತು, ಆಮೇಲೆ ನಿಧಾನಕ್ಕೆ 110ರ ಹತ್ತಿರ ಹೋಗಿ ಅಲ್ಲೇ ನಿಂತಿದೆ. ನೆಲಕ್ಕೆ ಕೂರಲು ಅದು ಸಾಲದು. ಡಾಕ್ಟರೂ ಕೂರುವುದು ಬೇಡ ಅಂದಿದ್ದಾರೆ. ರೊಟ್ಟಿ ಬಡಿಯುವ ಕಲ್ಲನ್ನು ಕಟ್ಟೆಯ ಮೇಲೆ ಏರಿಸಿಕೊಂಡಿದ್ದೇನೆ.

ಎಳ್ಳಮಾವಾಸ್ಯೆಗೆ ವೈನಿ ಊರಿಗೆ ಹೋಗಲೇಬೇಕಿತ್ತು. ಆ ವರ್ಷ ನಾನು ಹೊಲಕ್ಕೆ ಹೋಗಲಿಲ್ಲ. ಚಳಿಗಾಲಕ್ಕೆ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ, ಏರುಪೇರಿನ ನೆಲ ಇನ್ನೂ ಬೇಡ ಅಂತ ಫಿಜಿಯೋ ಹೇಳಿದ್ದಳು. ಹುಟ್ಟಿದಾಗಿನಿಂದ ಚರಗ ಚೆಲ್ಲಲು ಹೋಗುತ್ತಿದ್ದವಳಿಗೆ ಅವತ್ತು ಮನೆಯಲ್ಲಿ ಕೂರುವುದು ಬಹಳ ಸಂಕಟವಾಯಿತು, ಅದನ್ನು ಸಣ್ಣದು ಅಂತ ಹೇಳಲಾರೆ. ಮರುದಿನ ಅಣ್ಣ ಡಬ್ಬಿ ತುಂಬ ಭಜ್ಜಿ, ಸಜ್ಜೆ ರೊಟ್ಟಿ, ಕಡಬು ತಂದುಕೊಟ್ಟು ಹೋದ.

ಸಂಕ್ರಾಂತಿ ಕಳೆದು ಶಾಲೆಗೆ ಹೋದೆ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನ ಎತ್ತರಕ್ಕೇ ಇರುತ್ತದೆ. ಏರುವಾಗ ಛಲೋ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು, ಇದನ್ನು ಫಿಜಿಯೋ ಬಾಯಿಪಾಠ ಮಾಡಿಸಿದ್ದಳು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಮ್ಮ ಕಡೆಯ ಬಸ್ಸಿನಲ್ಲಿ ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ, ಆದರೆ ಅದೇ ಹೆಣ್ಣುಮಕ್ಕಳೇ ಕೋಲು ನೋಡಿ ಸೀಟು ಬಿಡುತ್ತಾರೆ, ರಟ್ಟೆ ಹಿಡಿದು ಏರಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ತೊಂದರೆ ಬಂದದ್ದು ಶೌಚಾಲಯದ್ದು. ಇದ್ದದ್ದೆಲ್ಲ ಕುಕ್ಕರಗಾಲಿನಲ್ಲಿ ಕೂರುವಂಥವು. ನೀರು ಕುಡಿಯದೆ ದಿನ ಕಳೆಯುವುದು ಎಷ್ಟು ದಿನ ಸಾಧ್ಯ? ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿ ಕೊಂಡು ಒಂದು ಶೌಚಾಲಯದಲ್ಲಿ ಇಡಿಸಿದೆ. ಈಗ ಅದನ್ನು ಇನ್ನೂ ಇಬ್ಬರು ಸಹೋದ್ಯೋಗಿಗಳು ಬಳಸುತ್ತಾರೆ. ಅವರ ಮೊಣಕಾಲು ಯಾವ ಸ್ಥಿತಿಯಲ್ಲಿದೆ ಅಂತ ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಗಾಯದ ಗೆರೆಯ ಹೊರಮಗ್ಗುಲಿಗೆ ಅಂಗೈಯಷ್ಟು ಚರ್ಮ ಇನ್ನೂ ಮರಗಟ್ಟಿದೆ. ಕೊಯ್ಯುವಾಗ ಚರ್ಮದ ಸಣ್ಣ ನರ ತುಂಡಾಗುವುದರಿಂದ ಹೀಗಾಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ನಡೆಯುವಾಗ ಆಗೊಮ್ಮೆ ಈಗೊಮ್ಮೆ ಒಳಗೆ ಟಕ್ ಅನ್ನುತ್ತದೆ, ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು. ನೋವಿಲ್ಲದಿದ್ದರೆ ಹೆದರಬೇಕಿಲ್ಲ. ಮಾರ್ಚ್‌ನಲ್ಲಿ ಶರಣಬಸವೇಶ್ವರರ ತೇರನ್ನು ಪರಿಚಯದವರ ಮನೆಯ ಮಾಳಿಗೆಯ ಮೇಲಿಂದ ನೋಡಿದೆ. ಮಾಳಿಗೆ ಹತ್ತಿದ್ದು ನಾನೇ, ಕಟಕಟೆ ಹಿಡಿದು, ಛಲೋ ಕಾಲು ಮೊದಲು.

ಮನೆಯಲ್ಲಿ ಯಾರಿಗಾದರೂ ಈ ಆಪರೇಶನ್ ಇದ್ದರೆ ನನ್ನ ವಿನಂತಿ ಒಂದೇ. ನಿಮ್ಮಲ್ಲಿ ರಜೆ ಎಷ್ಟಿದೆಯೋ ಅದನ್ನೆಲ್ಲ ಮೊದಲ ವಾರಕ್ಕೆ ಸುರಿಯಬೇಡಿ. ಆಗ ದವಾಖಾನೆ ಇರುತ್ತದೆ, ನರ್ಸ್ ಇರುತ್ತಾರೆ, ಬರುವವರು ಇರುತ್ತಾರೆ. ಒಬ್ಬರಾದರೂ ಎರಡನೇ ತಿಂಗಳಿಗೆ ಬರ್ರಿ. ಬಂದು ಚಾಪೆ ಹಾಕಿ ಎದುರಿಗೆ ಕೂಡ್ರಿ.

ಎಡ ಮೊಣಕಾಲಿಗೆ ಬರುವ ದಸರಾ ರಜೆಯಲ್ಲಿ ದಿನ ಗೊತ್ತಾಗಿದೆ. ಮಗ ಆಪರೇಶನ್ ದಿನಕ್ಕೆ ಬರುತ್ತೇನೆ ಅಂತ ಟಿಕೆಟ್ ನೋಡುತ್ತಿದ್ದ. ಅವತ್ತಿಗೆ ಅಪ್ಪ ಇದ್ದಾರೆ, ನೀನು ದೀಪಾವಳಿ ಮುಗಿದ ಮೇಲೆ ಬಾ, ಬಂದವನು ಹದಿನೈದು ದಿನ ಇರು ಅಂದೆ. ಒಪ್ಪಿಕೊಂಡ. ವೈನಿಗೆ ಫೋನ್ ಮಾಡಿದರೆ ಅವರು ಆಗಲೇ ಲೆಕ್ಕ ಹಾಕಿಬಿಟ್ಟಿದ್ದರು. ತೊಗರಿ ಹೂವಿಗೆ ಬಂದಾಗ ಹುಳಕ್ಕೆ ಎಣ್ಣೆ ಹೊಡೆಯುವ ಕೆಲಸ ಇರುತ್ತದೆ, ಅದು ಮುಗಿದ ಮೇಲೆ ರಾಶಿಯವರೆಗೆ ಅಣ್ಣ ಒಬ್ಬನೇ ನೋಡಿಕೊಳ್ಳುತ್ತಾನಂತೆ. "ನಿನ ಮಗ ಹೋದ ಮರುದಿನ ಬರ್ತೀನಿ, ನಡುವ ಒಂದ್ ದಿನಾನೂ ಖಾಲಿ ಬಿಡೋದ್ ಬ್ಯಾಡ" ಅಂದರು. ಫಿಜಿಯೋ ಹುಡುಗಿಗೂ ಹೇಳಿಟ್ಟಿದ್ದೇನೆ. ಈ ಸಲ ಆರನೇ ವಾರಕ್ಕೆ 90 ದಾಟದಿದ್ದರೆ ಕಾಯದೆ ಸೋಲಾಪುರಕ್ಕೆ ಹೋಗುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.